ಚಾಟ್ ಆ್ಯಪ್ ಹೀಗಿರಬಾರದಿತ್ತು ಎನ್ನಿಸಿದಾಗ: ತಯಾರಕರಿಗೆ ಸಲಹೆ ಕಳುಹಿಸುವ ಸಮಗ್ರ ಮಾರ್ಗದರ್ಶಿ

ನಮ್ಮ ಮನೆಯವರೆಲ್ಲ ಆಗ ಬಳಸುತ್ತಿದ್ದದ್ದು ಅಷ್ಟೇನೂ ಹೆಸರು ಮಾಡದ ಒಂದು ಸಣ್ಣ ಚಾಟ್ ಆ್ಯಪ್. ಅಮ್ಮ ತಮ್ಮ ರಕ್ತ ಪರೀಕ್ಷೆಯ ವರದಿಯ ಫೋಟೋವನ್ನು ಅಕ್ಕನಿಗೆ ಕಳುಹಿಸಲು ಹೋಗಿ ನೆಂಟರ ಗುಂಪಿಗೆ ಕಳುಹಿಸಿಬಿಟ್ಟರು. ಕೂಡಲೇ ತಪ್ಪು ಗೊತ್ತಾಗಿ ಫೋಟೋವನ್ನು ಒತ್ತಿ ಹಿಡಿದರು. ಒಂದರ ಕೆಳಗೊಂದು ಎರಡು ಗುಂಡಿಗಳು ಬಂದವು: ‘ಎಲ್ಲರಿಗೂ ಅಳಿಸಿ’, ‘ನನಗೆ ಮಾತ್ರ ಅಳಿಸಿ’. ಕಣ್ಣು ಮಂಜಾಗಿರುವುದರಿಂದ ಅಮ್ಮ ಫೋನಿನ ಅಕ್ಷರಗಳನ್ನು ಅತಿ ದೊಡ್ಡ ಗಾತ್ರಕ್ಕೆ ಇಟ್ಟುಕೊಂಡಿದ್ದರು. ಅಕ್ಷರ ಹಿಗ್ಗಿತ್ತು, ಗುಂಡಿಯ ಎತ್ತರ ಹಿಗ್ಗಿರಲಿಲ್ಲ. ‘ಎಲ್ಲರಿಗೂ’ ಪದದ ಲ ಒತ್ತು ಗುಂಡಿಯ ಕೆಳಅಂಚಿನಲ್ಲಿ ಕತ್ತರಿಸಿಹೋಗಿ ‘ಎಲರಿಗೂ’ ಆಗಿತ್ತು. ‘ಮಾತ್ರ’ ಎಂಬುದು ‘ಮಾತ’ ಆಗಿತ್ತು. ಎರಡೂ ಅರ್ಥವಾಗದೆ ಅವರು ಕೆಳಗಿನದನ್ನು ಒತ್ತಿದರು. ಫೋಟೋ ಅವರ ಫೋನಿನಿಂದ ಹೋಯಿತು, ಗುಂಪಿನ ಉಳಿದ ನಲವತ್ತೆರಡು ಜನರ ಫೋನಿನಲ್ಲಿ ಹಾಗೆಯೇ ಉಳಿಯಿತು. ತಮ್ಮ ಫೋನಿನಲ್ಲೇ ಇಲ್ಲದ ಫೋಟೋವನ್ನು ಮತ್ತೆ ಅಳಿಸುವ ದಾರಿ ಅವರಿಗಿರಲಿಲ್ಲ.

ಅಂದು ರಾತ್ರಿಯೇ ನಾನು ಆ ಆ್ಯಪ್‌ನವರಿಗೆ ಬರೆದೆ: “ನಿಮ್ಮ ಆ್ಯಪ್‌ನಲ್ಲಿ ಕನ್ನಡ ಸರಿಯಾಗಿ ಕಾಣುವುದಿಲ್ಲ. ದಯವಿಟ್ಟು ಬೇಗ ಸರಿಪಡಿಸಿ.” ಉತ್ತರ ಬರಲಿಲ್ಲ. ಎರಡು ತಿಂಗಳ ನಂತರ ಅದೇ ವಿಷಯವನ್ನು ಬೇರೆ ರೀತಿಯಲ್ಲಿ ಬರೆದೆ. ಒಂಬತ್ತು ದಿನಗಳಲ್ಲಿ ಉತ್ತರ ಬಂತು, ಅಲ್ಲಿಂದ ಮೂರನೆಯ ಅಪ್‌ಡೇಟ್‌ನಲ್ಲಿ ಗುಂಡಿ ಸರಿಹೋಯಿತು. ಆ ಎರಡು ಪತ್ರಗಳ ನಡುವಿನ ವ್ಯತ್ಯಾಸವನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ಹೇಳುತ್ತೇನೆ.

1. ಯಾವ ಬಾಗಿಲು ತಟ್ಟಬೇಕೆಂದು ಮೊದಲು ತಿಳಿಯಿರಿ

ಮನಸ್ಸಿನಲ್ಲಿರುವುದು ದೋಷವೋ, ಸಲಹೆಯೋ, ದೂರೋ ಎಂದು ಮೊದಲು ಕೇಳಿಕೊಳ್ಳಿ. ಇರುವ ಸೌಲಭ್ಯ ಕೆಟ್ಟಿದ್ದರೆ ಅದು ದೋಷ. ಇಲ್ಲದ ಸೌಲಭ್ಯ ಬೇಕು, ಅಥವಾ ಇರುವುದು ಬೇರೆ ರೀತಿ ಇರಬೇಕು ಎಂದಾದರೆ ಅದು ಸಲಹೆ. ಯಾರೋ ನಿಮ್ಮ ಫೋಟೋ ಬಳಸಿ ನಕಲಿ ಖಾತೆ ತೆರೆದಿದ್ದಾರೆ, ಬೆದರಿಸುತ್ತಿದ್ದಾರೆ ಎಂದಾದರೆ ಅದು ದೂರು. ದೂರನ್ನು ಸಲಹೆಯ ಪೆಟ್ಟಿಗೆಗೆ ಹಾಕಿದರೆ ದಿನಗಳು ವ್ಯರ್ಥವಾಗುತ್ತವೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಭಾರತದಲ್ಲಿ 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಇಂಥ ಸೇವೆಗಳು ಇಲ್ಲಿಯೇ ನೆಲೆಸಿರುವ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ದೂರು ಹೋಗಬೇಕಾದದ್ದು ಅವರಿಗೆ. ಆನ್‌ಲೈನ್ ವಂಚನೆಯಲ್ಲಿ ಹಣ ಕಳೆದುಕೊಂಡಿದ್ದರೆ ಅದಕ್ಕೂ ಮೊದಲು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಅಮ್ಮನ ಪ್ರಕರಣದಲ್ಲಿ ದೋಷವೂ ಇತ್ತು, ಸಲಹೆಯೂ ಇತ್ತು. ಒತ್ತಕ್ಷರ ಕತ್ತರಿಸಿದ್ದು ದೋಷ. ತಪ್ಪು ಗುಂಡಿ ಒತ್ತಿದವರಿಗೆ ಹಿಂದಿರುಗುವ ದಾರಿಯೇ ಇಲ್ಲದಿದ್ದದ್ದು ವಿನ್ಯಾಸದ ಕೊರತೆ. ಎರಡನ್ನೂ ಒಂದೇ ಪತ್ರದಲ್ಲಿ ಬೆರೆಸಬೇಡಿ. ದೋಷ ಸರಿಪಡಿಸುವವರು ಒಬ್ಬರು, ಹೊಸ ಸೌಲಭ್ಯ ತೀರ್ಮಾನಿಸುವವರು ಇನ್ನೊಬ್ಬರು. ಬೆರಕೆಯ ಪತ್ರ ಇಬ್ಬರ ಮೇಜಿನ ನಡುವೆ ಬಿದ್ದುಹೋಗುತ್ತದೆ.

2. ತೊಂದರೆಯಾದ ಕ್ಷಣದಲ್ಲೇ ಬರೆದಿಟ್ಟುಕೊಳ್ಳಿ

ಫೋನಿನ ಮಾದರಿ, ಆ್ಯಂಡ್ರಾಯ್ಡ್ ಅಥವಾ ಐಫೋನ್ ತಂತ್ರಾಂಶದ ಆವೃತ್ತಿ, ಆ್ಯಪ್‌ನ ಆವೃತ್ತಿ, ಆ್ಯಪ್‌ಗೆ ಆರಿಸಿಕೊಂಡಿರುವ ಭಾಷೆ, ಅಕ್ಷರದ ಗಾತ್ರ, ಆ ದಿನದ ದಿನಾಂಕ. ಇಷ್ಟು ಸಾಕು. ಅಕ್ಷರದ ಗಾತ್ರವನ್ನು ಬಹಳ ಜನ ಮರೆಯುತ್ತಾರೆ, ಕನ್ನಡದ ಮಟ್ಟಿಗೆ ಅದೇ ಮುಖ್ಯ. ಆ್ಯಂಡ್ರಾಯ್ಡ್ 14ರಿಂದ ಅಕ್ಷರಗಳನ್ನು ಶೇ 200ರವರೆಗೆ ಹಿಗ್ಗಿಸಬಹುದು. ಇಂಗ್ಲಿಷ್ ಅಕ್ಷರ ಅಷ್ಟು ಹಿಗ್ಗಿದರೂ ಗುಂಡಿಯೊಳಗೆ ಹೇಗೋ ಕೂರುತ್ತದೆ. ಕನ್ನಡದ ಒತ್ತು ಸಾಲಿನ ಕೆಳಗೆ ಇಳಿಯುತ್ತದೆ, ಅದಕ್ಕೆ ಇನ್ನಷ್ಟು ಜಾಗ ಬೇಕು. ಆ್ಯಪ್ ಮಾಡಿದವರು ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದ್ದರೆ ಈ ಕೊರತೆ ಅವರ ಕಣ್ಣಿಗೆ ಬಿದ್ದೇ ಇರುವುದಿಲ್ಲ.

ನಂತರ ಅದೇ ತೊಂದರೆಯನ್ನು ನೀವಾಗಿಯೇ ಮತ್ತೆ ಮರುಕಳಿಸಿ ನೋಡಿ. ಮೂರು ಬಾರಿ ಮಾಡಿದಾಗ ಮೂರು ಬಾರಿಯೂ ಆಯಿತೇ, ಒಮ್ಮೆ ಮಾತ್ರವೇ? ಮನೆಯ ಇನ್ನೊಂದು ಫೋನಿನಲ್ಲಿ? ಭಾಷೆಯನ್ನು ಇಂಗ್ಲಿಷಿಗೆ ಬದಲಿಸಿದಾಗ? ನಾನು ಅಕ್ಷರದ ಗಾತ್ರವನ್ನು ಒಂದೊಂದೇ ಹಂತ ಇಳಿಸುತ್ತ ಹೋದೆ. ಕೊನೆಯ ಎರಡು ಹಂತಗಳಲ್ಲಿ ಮಾತ್ರ ಒತ್ತು ಕತ್ತರಿಸುತ್ತಿತ್ತು. ಆ ಒಂದು ವಾಕ್ಯವೇ ಎರಡನೆಯ ಪತ್ರಕ್ಕೆ ಉತ್ತರ ತರಿಸಿತು ಎಂದು ಅವರ ಮರುಪತ್ರದಿಂದ ತಿಳಿಯಿತು.

3. ಪರಿಹಾರ ಬರೆಯಬೇಡಿ, ಪಾಡು ಬರೆಯಿರಿ

ಈ ಹೆಜ್ಜೆಯ ಮೇಲೆ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಸಲಹೆ ಕಳುಹಿಸುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ.

“ಅಳಿಸುವ ಗುಂಡಿಯನ್ನು ಕೆಂಪು ಬಣ್ಣದಲ್ಲಿ ಕೊಡಿ” ಎಂದು ನಾನು ಬರೆಯಬಹುದಿತ್ತು. ಇನ್ನೊಬ್ಬರು “ಅಳಿಸುವ ಮುನ್ನ ಖಚಿತವೇ ಎಂದು ಕೇಳಿ” ಎನ್ನುತ್ತಿದ್ದರು. ಮತ್ತೊಬ್ಬರು “ಗುಂಪಿಗೆ ಫೋಟೋ ಕಳುಹಿಸುವ ಮುನ್ನವೇ ಎಚ್ಚರಿಸಿ” ಎನ್ನುತ್ತಿದ್ದರು. ಮೂರೂ ಪರಿಹಾರಗಳೇ, ಮೂರೂ ಬೇರೆ ಬೇರೆ. ತಯಾರಕರ ಕೈಗೆ ಇವು ಹೋದಾಗ ಮೂರು ಬೇಡಿಕೆಗಳಾಗಿ ಚದುರುತ್ತವೆ, ಯಾವುದಕ್ಕೂ ಬಲ ಬರುವುದಿಲ್ಲ. ಮೂವರೂ “ಅಳಿಸುವಾಗ ತಪ್ಪು ಆಯ್ಕೆ ಒತ್ತಿದರೆ ಹಿಂದಕ್ಕೆ ಬರಲು ಆಗುತ್ತಿಲ್ಲ” ಎಂದು ಬರೆದಿದ್ದರೆ ಅದು ಒಂದೇ ತೊಂದರೆಯ ಮೂರು ಸಾಕ್ಷಿಯಾಗುತ್ತಿತ್ತು.

ವಾಟ್ಸ್‌ಆ್ಯಪ್ ಇದೇ ತೊಂದರೆಯನ್ನು ಹೇಗೆ ನಿಭಾಯಿಸಿತು ನೋಡಿ. 2022ರ ಡಿಸೆಂಬರ್‌ನಲ್ಲಿ ಅದು ತಂದದ್ದು ಬಣ್ಣವನ್ನೂ ಅಲ್ಲ, ಪ್ರಶ್ನೆಯನ್ನೂ ಅಲ್ಲ. ‘ನನಗೆ ಮಾತ್ರ’ ಎಂದು ಅಳಿಸಿದ ಮೇಲೆ 5 ಸೆಕೆಂಡ್ ಕಾಲ ಅದನ್ನು ರದ್ದುಪಡಿಸುವ ಅವಕಾಶವನ್ನು. ಪ್ರತಿ ಬಾರಿ ಖಚಿತವೇ ಎಂದು ಕೇಳಿದರೆ ಸರಿಯಾಗಿ ಅಳಿಸುವವರಿಗೆ ಕಿರಿಕಿರಿ, ಮೇಲಾಗಿ ಕೆಲವು ದಿನಗಳಲ್ಲಿ ಬೆರಳು ಓದದೆಯೇ ‘ಹೌದು’ ಒತ್ತುವುದನ್ನು ಕಲಿತುಬಿಡುತ್ತದೆ. ತಪ್ಪಾದ ಮೇಲೆ ಸಿಗುವ ಐದು ಸೆಕೆಂಡ್ ತಪ್ಪು ಮಾಡಿದವರಿಗೆ ಮಾತ್ರ ಬೇಕಾಗುತ್ತದೆ. ಹಗಲೂ ರಾತ್ರಿ ಆ ಆ್ಯಪ್‌ನ ಒಳಗೇ ಇರುವವರಿಗೆ ನಮಗೆ ಹೊಳೆಯದ ದಾರಿ ಹೊಳೆಯುತ್ತದೆ. ಅವರಿಗೆ ಎಂದೂ ಗೊತ್ತಾಗದೇ ಇರುವುದು ನಮ್ಮ ಮನೆಯಲ್ಲಿ ಏನಾಯಿತು ಎಂಬುದು. ನಾವು ಕೊಡಬೇಕಾದದ್ದು ಅದನ್ನೇ.

ಹಾಗೆಂದು ಪರಿಹಾರ ಹೊಳೆದಿದ್ದರೆ ಮುಚ್ಚಿಡಬೇಕಿಲ್ಲ. ಪತ್ರದ ಕೊನೆಯಲ್ಲಿ “ನನಗೆ ತೋಚಿದ್ದು” ಎಂದು ಒಂದು ಸಾಲು ಸೇರಿಸಿ. ಮೊದಲ ಸಾಲಿನಲ್ಲಿ ಮಾತ್ರ ಬೇಡ.

4. ಈಗಾಗಲೇ ಇದೆಯೇ, ಯಾರಾದರೂ ಕೇಳಿದ್ದಾರೆಯೇ?

ಕೇಳುವ ಸೌಲಭ್ಯ ಸೆಟ್ಟಿಂಗ್ಸ್‌ನ ಮೂರನೆಯ ಪುಟದಲ್ಲಿ ಕೂತಿರುವುದು ಅಪರೂಪವಲ್ಲ. ಕೇಳದೆ ಗುಂಪಿಗೆ ಸೇರಿಸುತ್ತಾರೆ ಎಂದು ಇಂದಿಗೂ ಬೇಸರಪಡುವವರನ್ನು ನೋಡುತ್ತೇನೆ; ಯಾರು ನಮ್ಮನ್ನು ಗುಂಪಿಗೆ ಸೇರಿಸಬಹುದು ಎಂದು ಗೊತ್ತುಮಾಡುವ ಆಯ್ಕೆ ವಾಟ್ಸ್‌ಆ್ಯಪ್‌ನ ಗೋಪ್ಯತೆಯ ಸೆಟ್ಟಿಂಗ್‌ನಲ್ಲಿ 2019ರಿಂದಲೂ ಇದೆ. ಸದ್ದಿಲ್ಲದೆ ಗುಂಪು ಬಿಡುವ ಅವಕಾಶ 2022ರಲ್ಲಿ ಬಂತು.

ಸೆಟ್ಟಿಂಗ್ಸ್‌ನಲ್ಲಿ ಸಿಗದಿದ್ದರೆ, ಬಳಕೆದಾರರ ಹಳೆಯ ಬೇಡಿಕೆಗಳ ಪಟ್ಟಿ ಆ್ಯಪ್‌ನವರ ತಾಣದಲ್ಲಿದ್ದರೆ ಅದರಲ್ಲಿ ಹುಡುಕಿ. ಪಟ್ಟಿ ಬಹುತೇಕ ಇಂಗ್ಲಿಷಿನಲ್ಲಿರುತ್ತದೆ, ಆದ್ದರಿಂದ ನಿಮ್ಮ ತೊಂದರೆಗೆ ಎರಡು ಮೂರು ಇಂಗ್ಲಿಷ್ ಪದಗಳನ್ನು ಯೋಚಿಸಿಟ್ಟುಕೊಂಡು ಹುಡುಕಿ. ಸಿಕ್ಕಿದರೆ ಹೊಸದಾಗಿ ಬರೆಯಬೇಡಿ. ಅಲ್ಲಿಯೇ ಮತ ಹಾಕಿ, ನಿಮ್ಮ ಅನುಭವವನ್ನು ನಾಲ್ಕು ಸಾಲಿನಲ್ಲಿ ಸೇರಿಸಿ. “ನನಗೂ ಬೇಕು” ಎಂದಷ್ಟೇ ಬರೆದರೆ ಏನೂ ಸೇರಿದಂತಾಗುವುದಿಲ್ಲ. “ನಾನು ಕನ್ನಡದಲ್ಲಿ ಬಳಸುತ್ತೇನೆ, ಇಲ್ಲಿ ಹೀಗಾಗುತ್ತದೆ” ಎಂದರೆ ಹೊಸದೊಂದು ಸಂಗತಿ ಸೇರುತ್ತದೆ.

5. ಆಚೆ ಬದಿಯಿಂದ ಒಮ್ಮೆ ನೋಡಿ

ವಾಟ್ಸ್‌ಆ್ಯಪ್ 2016ರಿಂದ, ಸಿಗ್ನಲ್ ಎಂಬ ಇನ್ನೊಂದು ಚಾಟ್ ಆ್ಯಪ್ ಮೊದಲಿನಿಂದಲೂ ಸಂದೇಶಗಳನ್ನು ಕಳುಹಿಸುವವರ ಫೋನಿನಲ್ಲೇ ಬೀಗ ಹಾಕಿ ಕಳುಹಿಸುತ್ತವೆ. ಬೀಗ ತೆರೆಯುವುದು ಪಡೆಯುವವರ ಫೋನಿನಲ್ಲಿ ಮಾತ್ರ. ನಡುವಿನ ಸರ್ವರ್‌ಗೆ ಒಳಗಿನ ಮಾತು ಕಾಣುವುದಿಲ್ಲ. ಆದ್ದರಿಂದ “ನನ್ನ ಸಂದೇಶಗಳನ್ನು ಸರ್ವರ್‌ನಲ್ಲೇ ಓದಿ ಅನುವಾದಿಸಿ” ಎಂಬ ಸಲಹೆ ಆ ಬೀಗವನ್ನೇ ಒಡೆಯಲು ಕೇಳಿದಂತೆ. ಅದನ್ನೇ “ಅನುವಾದ ಫೋನಿನಲ್ಲೇ ನಡೆಯಲಿ” ಎಂದು ಬರೆದರೆ ಯೋಚಿಸಲು ಅರ್ಹವಾಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ವಾಟ್ಸ್‌ಆ್ಯಪ್ ಸಂದೇಶ ಅನುವಾದ ತಂದದ್ದು ಹೀಗೆಯೇ. ಆ್ಯಂಡ್ರಾಯ್ಡ್‌ನಲ್ಲಿ ಮೊದಲಿಗೆ ಕೊಟ್ಟದ್ದು ಆರು ಭಾಷೆಗಳನ್ನು. ಹಿಂದಿ ಇತ್ತು, ಕನ್ನಡ ಇರಲಿಲ್ಲ. ಕನ್ನಡ ಬೇಕೆಂದು ಬರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕೇ?

ಹೊರಗಿನಿಂದ ಸಣ್ಣದಾಗಿ ಕಾಣುವುದು ಒಳಗೆ ದೊಡ್ಡದಾಗಿರಬಹುದು. ಫೋನ್ ನಂಬರ್ ತೋರಿಸದೆ ಮಾತಾಡುವಂತಿರಲಿ ಎಂದು ಸಿಗ್ನಲ್ ಬಳಕೆದಾರರು ವರ್ಷಗಟ್ಟಲೆ ಕೇಳಿದರು. ಬಳಕೆದಾರ ಹೆಸರಿನ ಸೌಲಭ್ಯ ಬಂದದ್ದು 2024ರಲ್ಲಿ. ಇಡೀ ವ್ಯವಸ್ಥೆ ನಂಬರನ್ನೇ ಗುರುತಾಗಿ ಹಿಡಿದು ಕಟ್ಟಿದ್ದಾದ್ದರಿಂದ ಅಡಿಪಾಯದ ಕಲ್ಲುಗಳನ್ನೇ ಸರಿಸಬೇಕಾಯಿತು.

ಇನ್ನೊಂದು ಪ್ರಶ್ನೆಯನ್ನು ತಪ್ಪದೆ ಕೇಳಿಕೊಳ್ಳಿ: ನಾನು ಕೇಳುತ್ತಿರುವುದು ಕೆಟ್ಟವರ ಕೈಗೆ ಸಿಕ್ಕರೆ ಏನಾಗುತ್ತದೆ? 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರೆಂಬ ವದಂತಿ ಮೊಬೈಲಿನಿಂದ ಮೊಬೈಲಿಗೆ ಹರಡಿ, ಊರಿಗೆ ಬಂದಿದ್ದ ಒಬ್ಬ ಅಮಾಯಕ ಯುವಕನನ್ನು ಗುಂಪು ಹೊಡೆದು ಕೊಂದಿತು. ದೇಶದ ಬೇರೆ ಕಡೆಗಳಲ್ಲೂ ಇಂಥ ಕೊಲೆಗಳಾಗಿದ್ದವು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಮ್ಮೆಗೆ ಐದು ಚಾಟ್‌ಗಳಿಗೆ ಮಾತ್ರ ಸಂದೇಶ ಫಾರ್ವರ್ಡ್ ಮಾಡುವ ಮಿತಿ ತರುವುದಾಗಿ ಹೇಳಿತು. 2019ರ ಜನವರಿಯಲ್ಲಿ ಅದನ್ನು ಜಗತ್ತಿಗೆಲ್ಲ ಅನ್ವಯಿಸಿತು. “ಮದುವೆ ಕರೆಯೋಲೆಯನ್ನು ಒಂದೇ ಸಲಕ್ಕೆ ಇನ್ನೂರು ಜನರಿಗೆ ಫಾರ್ವರ್ಡ್ ಮಾಡಲು ಬಿಡಿ” ಎನ್ನುವವರ ಕಷ್ಟ ನಿಜವೇ. ಆದರೆ ಈ ಮಿತಿ ಯಾಕೆ ಬಂತೆಂದು ತಿಳಿದವರು ಆ ಮಿತಿ ತೆಗೆಯಿರಿ ಎನ್ನುವುದಿಲ್ಲ, ಕರೆಯೋಲೆಗೆ ಬೇರೆ ದಾರಿ ಕೇಳುತ್ತಾರೆ.

6. ಬರೆಯುವ ಕ್ರಮ

ನನ್ನ ಎರಡನೆಯ ಪತ್ರ ಹೆಚ್ಚುಕಡಿಮೆ ಹೀಗಿತ್ತು:

ಶೀರ್ಷಿಕೆ: ಅಕ್ಷರದ ಗಾತ್ರ ಅತಿ ದೊಡ್ಡದಿದ್ದಾಗ ಅಳಿಸುವ ಗುಂಡಿಗಳಲ್ಲಿ ಕನ್ನಡದ ಒತ್ತಕ್ಷರ ಕತ್ತರಿಸುತ್ತದೆ.
ಏನು ಮಾಡಿದೆ: ಆ್ಯಪ್ ಭಾಷೆಯನ್ನು ಕನ್ನಡಕ್ಕೆ, ಫೋನಿನ ಅಕ್ಷರದ ಗಾತ್ರವನ್ನು ಕೊನೆಯ ಹಂತಕ್ಕೆ ಇಟ್ಟೆ. ನಾನೇ ಕಳುಹಿಸಿದ ಸಂದೇಶವನ್ನು ಒತ್ತಿ ಹಿಡಿದು ಅಳಿಸು ಆರಿಸಿದೆ.
ಏನಾಯಿತು: ಎರಡೂ ಗುಂಡಿಗಳಲ್ಲಿ ಪದಗಳ ಕೆಳಭಾಗ ಕಾಣಲಿಲ್ಲ. ಕೊನೆಯ ಎರಡು ಗಾತ್ರಗಳಲ್ಲಿ ಪ್ರತಿ ಬಾರಿಯೂ ಹೀಗಾಗುತ್ತದೆ. ಇಂಗ್ಲಿಷಿನಲ್ಲಿ ಆಗುವುದಿಲ್ಲ.
ಏನಾಗಬೇಕಿತ್ತು: ಅಕ್ಷರ ಹಿಗ್ಗಿದಂತೆ ಗುಂಡಿಯೂ ಎತ್ತರವಾಗಬೇಕಿತ್ತು.
ಯಾರಿಗೆ ಏನು ತೊಂದರೆ: ಕಣ್ಣು ಮಂಜಾದ ಹಿರಿಯರು ಗುಂಡಿ ಓದಲಾಗದೆ ತಪ್ಪಾಗಿ ಒತ್ತುತ್ತಾರೆ, ಖಾಸಗಿ ಫೋಟೋ ಗುಂಪಿನಲ್ಲಿ ಉಳಿದುಬಿಡುತ್ತದೆ.

ಶೀರ್ಷಿಕೆಯಲ್ಲಿ “ತುರ್ತು”, “ಬಹಳ ಬೇಸರ” ಎಂಬ ಪದಗಳಿಗೆ ಜಾಗ ಕೊಡಬೇಡಿ. ಆ ಜಾಗದಲ್ಲಿ ಎಲ್ಲಿ, ಯಾವಾಗ, ಏನು ಎಂಬುದು ಬರಲಿ. ಸಿಟ್ಟಿನಲ್ಲಿ ಬರೆದದ್ದನ್ನು ಒಂದು ರಾತ್ರಿ ಇಟ್ಟು ಬೆಳಿಗ್ಗೆ ಓದಿ ಕಳುಹಿಸಿ. ಆಚೆ ಬದಿಯಲ್ಲಿ ಓದುವವರು ತಮ್ಮ ಕೆಲಸವನ್ನು ಪ್ರೀತಿಸುವ ಒಬ್ಬ ಎಂಜಿನಿಯರ್ ಇರಬಹುದು. ಬೈಗುಳ ಓದಿದ ಮೇಲೆ ಯಾರಿಗೂ ಕೈ ಚುರುಕಾಗುವುದಿಲ್ಲ.

ಭಾಷೆ ಯಾವುದಿರಲಿ? ತಯಾರಕರು ಹೊರದೇಶದವರಾದರೆ ಸರಳ ಇಂಗ್ಲಿಷ್ ಸಾಕು, ವ್ಯಾಕರಣಕ್ಕೆ ಹೆದರಬೇಕಿಲ್ಲ. ಕನ್ನಡದ ಪದಗಳನ್ನು ಚಿತ್ರವಾಗಿ ಮಾತ್ರ ಕೊಡದೆ ಅಕ್ಷರಗಳಾಗಿಯೂ ಹಾಕಿ. ಅವರು ಅದನ್ನು ನಕಲು ಮಾಡಿ ತಮ್ಮ ಫೋನಿನಲ್ಲಿ ಅಂಟಿಸಿ ನೋಡಬೇಕಾಗುತ್ತದೆ. ಒತ್ತಕ್ಷರ ಎಂದರೇನೆಂದು ಅವರಿಗೆ ಗೊತ್ತಿರುವುದಿಲ್ಲ. ಸರಿಯಾದ ಚಿತ್ರ, ತಪ್ಪಾದ ಚಿತ್ರ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಕಾಣೆಯಾದ ಭಾಗಕ್ಕೆ ಒಂದು ಸುತ್ತು ಹಾಕಿ ತೋರಿಸಿ.

ಸ್ಕ್ರೀನ್‌ಶಾಟ್ ಕಳುಹಿಸುವ ಮುನ್ನ ಹೆಸರು, ನಂಬರ್, ಪ್ರೊಫೈಲ್ ಫೋಟೋಗಳನ್ನು ಮುಚ್ಚಿ. ಮಸುಕು ಮಾಡುವುದಕ್ಕಿಂತ ಗಟ್ಟಿ ಕಪ್ಪು ಬಣ್ಣ ಬಳಿಯುವುದು ಮೇಲು. ಇನ್ನೂ ಒಳ್ಳೆಯದು, ಮನೆಯವರೊಬ್ಬರೊಂದಿಗೆ ಪರೀಕ್ಷೆಗೆಂದೇ ಒಂದು ಚಾಟ್ ತೆರೆದು ಅದರಲ್ಲಿ ತೊಂದರೆಯನ್ನು ಮರುಕಳಿಸಿ ಚಿತ್ರ ತೆಗೆಯುವುದು. ಆ್ಯಪ್ ತನ್ನ ಕೆಲಸವನ್ನು ದಾಖಲಿಸಿಟ್ಟುಕೊಳ್ಳುವ ಲಾಗ್ ಫೈಲ್ ಕೇಳಿದರೆ ಕಳುಹಿಸುವ ಮುನ್ನ ಒಮ್ಮೆ ತೆರೆದು ಕಣ್ಣಾಡಿಸಿ.

7. ಎಲ್ಲಿಗೆ ಕಳುಹಿಸುವುದು

ವಾಟ್ಸ್‌ಆ್ಯಪ್: ಸೆಟ್ಟಿಂಗ್ಸ್‌ನ ಸಹಾಯ ವಿಭಾಗದಿಂದ. ಬೇರೆಯವರು ಏನು ಕೇಳಿದ್ದಾರೆಂದು ಇಲ್ಲಿ ಕಾಣುವುದಿಲ್ಲ, ಹಾಗಾಗಿ ಪತ್ರ ತಾನೇ ತಾನಾಗಿ ಅರ್ಥವಾಗುವಂತಿರಬೇಕು. ಹೊಸ ಆವೃತ್ತಿಯನ್ನು ಎಲ್ಲರಿಗಿಂತ ಮೊದಲು ಬಳಸಿ ನೋಡುವ ಬೀಟಾ ಪರೀಕ್ಷಕರಾಗಿ ಪ್ಲೇ ಸ್ಟೋರ್ ಮೂಲಕ ಸೇರಬಹುದು, ಆದರೆ ಜಾಗ ಬಹುತೇಕ ತುಂಬಿರುತ್ತದೆ. ಐಫೋನಿನಲ್ಲಿ ಇದೇ ಪರೀಕ್ಷೆಗಿರುವ ಟೆಸ್ಟ್‌ಫ್ಲೈಟ್‌ನಲ್ಲಿ ಒಂದು ಆ್ಯಪ್‌ಗೆ ಹೊರಗಿನ ಪರೀಕ್ಷಕರ ಮಿತಿಯೇ 10,000.

ಟೆಲಿಗ್ರಾಂ: ದೋಷ ಮತ್ತು ಸಲಹೆಗಳಿಗಾಗಿಯೇ ಬಗ್ಸ್ ಡಾಟ್ ಟೆಲಿಗ್ರಾಂ ಡಾಟ್ ಆರ್ಗ್ ಎಂಬ ತಾಣವಿದೆ. ಪ್ರತಿ ಸಲಹೆಗೂ ಒಂದು ಕಾರ್ಡ್, ಅದರ ಮೇಲೆ ಎಲ್ಲರ ಮತ. ಅನುವಾದಕ್ಕೆ ಬೇರೆಯದೇ ತಾಣವಿದ್ದು, ಯಾವ ಸಾಲಿಗೂ ನೀವು ಮೇಲಾದ ಕನ್ನಡ ಸೂಚಿಸಬಹುದು. ನಿಮಗೆ ಮೊದಲ ಸಲವೇ ಫಲ ಕಾಣಬೇಕೆಂದಿದ್ದರೆ ಇಲ್ಲಿಂದ ಆರಂಭಿಸಿ ಎನ್ನುತ್ತೇನೆ.

ಸಿಗ್ನಲ್: ಆ್ಯಪ್ ಬರೆದಿರುವ ಮೂಲ ಸಂಕೇತ (ಸೋರ್ಸ್ ಕೋಡ್) ಸಾರ್ವಜನಿಕ. ದೋಷಗಳನ್ನು, ಇಂಥ ಸಂಕೇತ ಇಡುವ ಗಿಟ್‌ಹಬ್ ಎಂಬ ತಾಣದಲ್ಲಿ ದಾಖಲಿಸಬೇಕು. ಹೊಸ ಸೌಲಭ್ಯದ ಮಾತು ಅಲ್ಲಿ ಬೇಡ, ಅದಕ್ಕೆ ಬಳಕೆದಾರರ ಸಮುದಾಯದ ತಾಣವಿದೆ. ಎಲಿಮೆಂಟ್‌ನಂಥ, ಮೂಲ ಸಂಕೇತ ತೆರೆದಿಟ್ಟಿರುವ ಬೇರೆ ಚಾಟ್ ಆ್ಯಪ್‌ಗಳಿಗೂ ಗಿಟ್‌ಹಬ್ಬೇ ದಾರಿ.

ಪ್ಲೇ ಸ್ಟೋರ್‌ನ ವಿಮರ್ಶೆಯನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿ 500 ಅಕ್ಷರಗಳೊಳಗೆ ಮುಗಿಸಬೇಕು, ಮಾತು ಮುಂದುವರಿಸುವುದೂ ಕಷ್ಟ.

8. ಕನ್ನಡಿಗರೇ ಬರೆಯಬೇಕಾದ ಸಲಹೆಗಳು

ಕೆಲವು ತೊಂದರೆಗಳನ್ನು ನಾವಲ್ಲದೆ ಇನ್ನಾರೂ ಬರೆಯಲಾರರು. ಹಳೆಯ ಸಂದೇಶ ಹುಡುಕಲು ‘ಬೆಂಗಳೂರು’ ಎಂದು ಕೊಟ್ಟರೆ, ಅಕ್ಷರಕ್ಕೆ ಅಕ್ಷರ ಹೋಲಿಸುವ ಆ್ಯಪ್‌ನಲ್ಲಿ ‘ಬೆಂಗಳೂರಿಗೆ’, ‘ಬೆಂಗಳೂರಿನಿಂದ’ ಎಂದಿರುವ ಸಂದೇಶಗಳು ಸಿಗುವುದಿಲ್ಲ. ವಿಭಕ್ತಿ ಸೇರುವಾಗ ಕೊನೆಯ ಉಕಾರ ಬಿದ್ದುಹೋಗುತ್ತದೆ. ಕಾರು, ಊರು, ಬಸ್ಸು, ಹಾಲು ಎಲ್ಲಕ್ಕೂ ಇದೇ ಪಾಡು. ಕೊನೆಯ ಕೊಂಬನ್ನು ಅಳಿಸಿ ‘ಬೆಂಗಳೂರ’ ಎಂದು ಹುಡುಕಿ ನೋಡಿ. ಅನೇಕ ಸಲ ಸಿಗುತ್ತದೆ. ಈ ಪ್ರಯೋಗವನ್ನೇ ಪತ್ರದಲ್ಲಿ ತೋರಿಸಿದರೆ ಕನ್ನಡ ಬಾರದ ಎಂಜಿನಿಯರ್‌ಗೂ ಕಾರಣ ತಿಳಿಯುತ್ತದೆ.

‘ಸೂರ್ಯ’ ಮತ್ತು ‘ಸೂರ‍್ಯ’ ನಮಗೆ ಒಂದೇ ಪದ. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಒಂದು ಜೋಡಣೆಯ ಸಂಕೇತ ಅಡಗಿರುವುದರಿಂದ ಯಂತ್ರಕ್ಕೆ ಅವು ಬೇರೆ ಬೇರೆ. ಹುಡುಕುವಾಗ ಆ ಸಂಕೇತವನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಕೇಳುವುದು ನ್ಯಾಯವಾದ ಸಲಹೆ, ಮಾಡಲೂ ಕಷ್ಟವಲ್ಲ.

ಇನ್ನು ಹೆಸರುಗಳು. ‘ಸುಮಾ ಅನ್ನು ಗುಂಪಿನಿಂದ ತೆಗೆಯಲಾಗಿದೆ’ ಎಂದು ಆ್ಯಪ್ ಹೇಳಿದರೆ ಮನುಷ್ಯರನ್ನು ವಸ್ತುವಿನಂತೆ ಕರೆದ ಹಾಗಾಗುತ್ತದೆ. ಖಾಲಿ ಜಾಗಕ್ಕೆ ಹೆಸರು ತುಂಬಿ ಹಿಂದೆ ‘ಅನ್ನು’ ಅಂಟಿಸುವುದರಿಂದ ಆಗುವ ಎಡವಟ್ಟು ಇದು. ‘ಅವರನ್ನು’ ಎಂದು ಬದಲಿಸಿದರೆ ಯಾವ ಹೆಸರಿಗೂ ಹೊಂದುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಇಂಥದ್ದನ್ನು ಬರೆಯುವಾಗ ಈಗಿರುವ ಸಾಲು, ಇರಬೇಕಾದ ಸಾಲು, ಅದು ಯಾವ ಪರದೆಯಲ್ಲಿ ಬರುತ್ತದೆ ಎಂಬ ಮೂರನ್ನೂ ಕೊಡಿ. ಅನುವಾದಕರಿಗೆ ಸಾಮಾನ್ಯವಾಗಿ ಬಿಡಿ ಸಾಲುಗಳಷ್ಟೇ ಸಿಗುತ್ತವೆ, ಪರದೆ ಕಂಡಿರುವುದಿಲ್ಲ.

9. ಕಳುಹಿಸಿದ ಮೇಲೆ

ಅವರು ಮರುಪ್ರಶ್ನೆ ಕೇಳಿದರೆ ಆದಷ್ಟು ಬೇಗ ಉತ್ತರಿಸಿ. ಉತ್ತರ ಸಿಗದ ಪತ್ರಗಳನ್ನು ಮುಚ್ಚಿಬಿಡುವುದು ವಾಡಿಕೆ. ಉತ್ತರವೇ ಬರದಿದ್ದರೆ ಒಂದೂವರೆ ತಿಂಗಳು ಬಿಟ್ಟು, ಹೊಸ ಆವೃತ್ತಿಯಲ್ಲಿ ಮತ್ತೆ ಪರೀಕ್ಷಿಸಿ, “ಈ ಆವೃತ್ತಿಯಲ್ಲೂ ಹಾಗೆಯೇ ಇದೆ” ಎಂದು ಒಂದು ಸಾಲು ಬರೆಯಿರಿ. ಬೇಡ ಎಂದರೆ ಕಾರಣ ಕೇಳಬಹುದು, ಜಗಳ ಬೇಡ. ವರ್ಷಗಳು ಹಿಡಿಯುವುದೂ ಉಂಟು. ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರಿಗೂ ಅಳಿಸುವ ಸೌಲಭ್ಯ 2017ರಲ್ಲಿ ಬಂದಾಗ 7 ನಿಮಿಷದ ಗಡುವಿತ್ತು. ಅದು ಎರಡು ದಿನ 12 ಗಂಟೆಗೆ ಬೆಳೆದದ್ದು 2022ರಲ್ಲಿ. ಕಳುಹಿಸಿದ ಸಂದೇಶವನ್ನು 15 ನಿಮಿಷದೊಳಗೆ ತಿದ್ದುವ ಅವಕಾಶ ಬರಲು 2023ರವರೆಗೆ ಕಾಯಬೇಕಾಯಿತು.

ಸರಿಪಡಿಸಿದ್ದೇವೆ ಎಂದು ತಿಳಿಸಿದ ದಿನ ಮತ್ತೆ ನೋಡಿ. ನಾನು ಅಮ್ಮನ ಫೋನಿನಲ್ಲಿ ಅಕ್ಷರದ ಎಲ್ಲ ಗಾತ್ರಗಳನ್ನೂ ಒಂದೊಂದಾಗಿ ಇಟ್ಟು ನೋಡಿದೆ. ಅಳಿಸುವ ಗುಂಡಿಗಳು ಸರಿಯಾಗಿದ್ದವು. ಆದರೆ ಗುಂಪಿನಿಂದ ಹೊರಹೋಗುವ ಪೆಟ್ಟಿಗೆಯಲ್ಲಿ ‘ರದ್ದುಮಾಡಿ’ ಎಂಬುದು ಇನ್ನೂ ‘ರದುಮಾಡಿ’ ಆಗಿಯೇ ಇತ್ತು. ಸರಿಪಡಿಸಿದ್ದಕ್ಕೆ ಧನ್ಯವಾದ ಹೇಳಿ, ಉಳಿದ ಆ ಒಂದು ಗುಂಡಿಯ ಚಿತ್ರವನ್ನು ಸೇರಿಸಿ ಅಂದೇ ಕಳುಹಿಸಿದೆ. ಈ ಬಾರಿ ಉತ್ತರ ಮರುದಿನವೇ ಬಂತು.